ಚಲನೆಯ ಮಾತುಗಳ ಮೂಲನೆಲೆ

ಚಲನೆಯನ್ನೂ ದಿಕ್ಕಿನ ಬದಲಾವಣೆಯನ್ನೂ ಸೂಚಿಸುವ ಇಂಗ್ಲಿಷ್ ಶಬ್ದಗಳನ್ನು ನಮ್ಮ ಕಾಲೇಜುಗಳಲ್ಲಿ ನಿಘಂಟಿನ ಅರ್ಥದಿಂದಲೇ ಕಲಿಸುವ ರೂಢಿಯುಂಟು. ಆದರೆ ಆ ಶಬ್ದಗಳಲ್ಲಿ ಹಲವು ಮಗ್ಗ, ನೇಗಿಲು, ನದಿಗಳ ಬಳಿ ಹುಟ್ಟಿದಂಥವು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನಜೀವನವೂ ಬಹುಮಟ್ಟಿಗೆ ಈ ಮೂರನ್ನೇ ನೆಮ್ಮಿ ಬೆಳೆದುದಾಗಿದೆ. ಆದುದರಿಂದ ಎರಡು ಭಾಷೆಗಳ ಮಾತುಗಳನ್ನು ಈ ನೆಲದಲ್ಲಿ ನಿಂತು ಹೋಲಿಸಿ ನೋಡುವುದು ಉಚಿತವೆನಿಸುತ್ತದೆ.

ಈ ಪ್ರದೇಶವು ಹಿಂದೆ ಒಂದೇ ಆಡಳಿತದಲ್ಲಿ ಇದ್ದುದಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ನೆರೆಯ ರಬಕವಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಬೀಳಗಿ ಬ್ರಿಟಿಷರ ನೇರ ಆಳ್ವಿಕೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ಇವೆಲ್ಲವೂ ಮೈಸೂರು ರಾಜ್ಯಕ್ಕೂ, 1997ರಲ್ಲಿ ಹೊಸದಾದ ಬಾಗಲಕೋಟೆ ಜಿಲ್ಲೆಗೂ ಸೇರಿದವು. ಆಳುವವರು ಬದಲಾದರೂ ಕಸುಬಿನ ಮಾತು ಕನ್ನಡದ ಧಾತುಗಳನ್ನು ಬಿಡಲಿಲ್ಲ.

ಮೊದಲು ಮಗ್ಗವನ್ನು ನೋಡೋಣ. ಲಾಳಿಗೆ ಇಂಗ್ಲಿಷಿನಲ್ಲಿ ಷಟಲ್ ಎಂದು ಹೆಸರು. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ಎಸೆಯುವ ಈಟಿ ಎಂದರ್ಥ. ಷೂಟ್ ಎಂಬ ಕ್ರಿಯಾಪದವೂ ಅದೇ ಕುಲದ್ದು. ಮಗ್ಗದಲ್ಲಿ ಅತ್ತಿಂದಿತ್ತ ಹರಿದಾಡುವ ಈ ಸಾಧನದಿಂದಲೇ ಎರಡು ಊರುಗಳ ನಡುವೆ ಓಡಾಡುವ ಬಂಡಿಗೂ ಷಟಲ್ ಎಂಬ ಹೆಸರಾಯಿತು. ಉದ್ದನೆಯ ಎಳೆಗಳಿಗೆ ಇಂಗ್ಲಿಷಿನವರು ವಾರ್ಪ್ ಎನ್ನುವರು; ಅದರ ಧಾತುವಿಗೆ ಎಸೆ ಎಂಬ ಅರ್ಥ. ಕನ್ನಡಿಗನಾದರೋ ಅದನ್ನು ಹಾಸು ಎಂದನು. ಅಡ್ಡ ಎಳೆಯನ್ನು ಹೊಗು ಧಾತುವಿನಿಂದ ಹೊಕ್ಕು ಎಂದನು. ಹಾಸಿದ್ದರೊಳಗೆ ಹೊಕ್ಕದ್ದೇ ಬಟ್ಟೆ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ನೇಗಿಲು. ರಿವರ್ಸ್, ಡೈವರ್ಟ್, ಕನ್ವರ್ಟ್ ಎಂಬ ಶಬ್ದಗಳು ತಿರುಗು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು. ಪದ್ಯವೆಂಬರ್ಥದ ವರ್ಸ್ ಸಹ ಅದರದೇ ಸಂತಾನ: ಹೊಲದ ಅಂಚಿನಲ್ಲಿ ನೇಗಿಲು ತಿರುಗಿದಂತೆ ಬರಹವೂ ತಿರುಗುತ್ತದೆ. ಕನ್ನಡದಲ್ಲಿಯೂ ಸಾಲು ಎಂಬ ಒಂದೇ ಮಾತು ನೇಗಿಲ ಗೆರೆಗೂ ಪದ್ಯದ ಪಂಕ್ತಿಗೂ ಸಲ್ಲುತ್ತದೆ. ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ ಜನಿಸಿದ ಹತ್ತನೆಯ ಶತಮಾನದ ರನ್ನನು ತನ್ನ ಗದಾಯುದ್ಧದಲ್ಲಿ ಭಾರತದ ಕಥೆಯನ್ನು ಸಿಂಹಾವಲೋಕನ ಕ್ರಮದಿಂದ ಹೇಳಿದನು. ಇಂಗ್ಲಿಷಿನ ರೆಟ್ರೋಸ್ಪೆಕ್ಟ್ ಎಂಬುದು ಹಿಂದಕ್ಕೆ ನೋಡುವುದನ್ನು ಮಾತ್ರ ಹೇಳುತ್ತದೆ. ನಮ್ಮ ಮಾತು ಮುಂದೆ ನಡೆಯುತ್ತಲೇ ಕೊರಳು ಹೊರಳಿಸುವ ಪ್ರಾಣಿಯನ್ನು ಕಣ್ಣಮುಂದೆ ನಿಲ್ಲಿಸುತ್ತದೆ.

ಕೊನೆಯದು ನದಿ. ಬಳುಕಿ ಹರಿಯುವುದಕ್ಕೆ ಇಂಗ್ಲಿಷಿನಲ್ಲಿರುವ ಮಿಯಾಂಡರ್ ಎಂಬ ಮಾತು ಇಂದಿನ ತುರ್ಕಿಯ ಒಂದು ನದಿಯ ಹೆಸರು. ಬೀಳಗಿಯ ಸೀಮೆಗೆ ಕೃಷ್ಣೆ, ಘಟಪ್ರಭೆಗಳೆರಡೂ ಉಂಟು. ಆದರೆ ಇಲ್ಲಿಯ ನದಿ ನಮಗೆ ಬೇರೊಂದು ಮಾತನ್ನು ಕೊಟ್ಟಿದೆ. 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಈ ತಾಲ್ಲೂಕಿನ ಅನೇಕ ಗ್ರಾಮಗಳು ಮುಳುಗಿದವು. ಇಂಗ್ಲಿಷ್ ಕಡತಗಳು ಇದನ್ನು ಡಿಸ್‌ಪ್ಲೇಸ್‌ಮೆಂಟ್ ಎಂದವು. ಕನ್ನಡ ಕಡತಗಳು ಸ್ಥಳಾಂತರ ಎಂದವು. ಜನರು ಮುಳುಗಡೆ ಎಂದರು. ಭೌತಶಾಸ್ತ್ರದಲ್ಲಿ ಡಿಸ್‌ಪ್ಲೇಸ್‌ಮೆಂಟಿಗೆ ದೂರದೊಡನೆ ದಿಕ್ಕೂ ಬೇಕು; ಹೊರಟಲ್ಲಿಗೇ ಮರಳಿದವನ ಸ್ಥಾನಪಲ್ಲಟ ಸೊನ್ನೆ. ಹೊರಟ ಊರೇ ನೀರಿನಡಿಯಲ್ಲಿ ಇರುವವನಿಗೆ ಆ ಸೊನ್ನೆ ಎಂದಿಗೂ ದೊರೆಯದು. ಕಡತದ ಎರಡು ಶಬ್ದಗಳೂ ಮನುಷ್ಯನ ಚಲನೆಯನ್ನು ಹೇಳುತ್ತವೆ. ಜನರ ಮಾತು ನೀರಿನ ಕ್ರಿಯೆಯನ್ನು ಹೇಳುತ್ತದೆ. ಚಲಿಸಿದವರು ತಾವಾಗಿ ಚಲಿಸಲಿಲ್ಲವೆಂಬ ಇತಿಹಾಸವು ಆ ಒಂದು ಪದದಲ್ಲಿ ಉಳಿದಿದೆ.

ಭಾಷಾಂತರಕಾರನು ನಿಘಂಟನ್ನು ತೆರೆಯುವ ಮೊದಲು ಮಗ್ಗದ ಮನೆ, ಹೊಲದ ಬದು, ಹಿನ್ನೀರಿನ ದಂಡೆಗಳಿಗೆ ಹೋಗಿ ಕೇಳಬೇಕು. ಲಾಳಿಯ ಸದ್ದು ನಿಂತ ಓಣಿಯಲ್ಲಿ ಹಾಸುಹೊಕ್ಕು ಎಂಬ ಮಾತು ಬರಿಯ ಅಲಂಕಾರವಾಗಿ ಉಳಿದೀತು. ಅದಕ್ಕೆ ಮುನ್ನ ಇಂತಹ ಪದಗಳನ್ನು ಅವುಗಳ ಕ್ರಿಯೆಯೊಡನೆ ಬರೆದಿಡುವ ಕಾರ್ಯದಲ್ಲಿ ಈ ಭಾಗದ ಅಧ್ಯಾಪಕರೂ ವಿದ್ಯಾರ್ಥಿಗಳೂ ತೊಡಗುವುದು ಅಗತ್ಯ.