ಅಂಗಾಲಿನ ಮಚ್ಚೆ

ಅಂಗಾಲಿನಲ್ಲಿ ಮಚ್ಚೆಯಿದ್ದವರು ಒಂದೂರಲ್ಲಿ ನಿಲ್ಲುವುದಿಲ್ಲ, ದೇಶ ಸುತ್ತುತ್ತಾರೆ ಎಂದು ಹಿರಿಯರು ಹೇಳುವುದುಂಟು. ಚರ್ಮರೋಗ ತಜ್ಞರು ಅದೇ ಮಚ್ಚೆಯನ್ನು ಬೇರೆ ಕಾರಣಕ್ಕೆ ಬಗ್ಗಿ ನೋಡುತ್ತಾರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳು ಹದ ತಪ್ಪಿ ಬೆಳೆದಾಗ ಹುಟ್ಟುವ ಕ್ಯಾನ್ಸರೇ ಮೆಲನೋಮ. ಬಿಳಿಯರಲ್ಲಿ ಅದು ಹೆಚ್ಚಾಗಿ ಬೆನ್ನು, ಕಾಲು, ಮುಖಗಳಲ್ಲಿ ಕಾಣಿಸುತ್ತದೆ. ನಮ್ಮಂಥ ಕಂದು ಮೈಬಣ್ಣದವರಿಗೆ ಬರುವುದು ಅಪರೂಪ. ಬಂದರೆ ಬಹುಪಾಲು ಅಂಗಾಲು, ಅಂಗೈ, ಉಗುರಿನ ಅಡಿ, ಅಂದರೆ ಬಿಸಿಲು ಸೋಕದ ಜಾಗಗಳಲ್ಲಿ. ಮೆಲನೋಮ ಸಂಶೋಧನೆಯ ಇನ್ನೂರು ವರ್ಷಗಳ ಇತಿಹಾಸ ಓದುವಾಗ ನನ್ನನ್ನು ಬಿಡದೆ ಕಾಡಿದ್ದು ಈ ವ್ಯತ್ಯಾಸ.

ಸ್ಟೆತೊಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1806ರಲ್ಲೇ ಈ ಕಪ್ಪು ಗೆಡ್ಡೆಯನ್ನು ಪ್ರತ್ಯೇಕ ರೋಗವೆಂದು ಬರೆದಿದ್ದ. 1820ರಲ್ಲಿ ವಿಲಿಯಂ ನಾರಿಸ್ ಎಂಬ ಇಂಗ್ಲಿಷ್ ವೈದ್ಯ ತನ್ನ ರೋಗಿಯ ತಂದೆಗೂ ಇದೇ ಬಗೆಯ ಗೆಡ್ಡೆ ಇತ್ತೆಂದು, ಮನೆಮಂದಿಯ ಮೈಮೇಲೆ ಮಚ್ಚೆಗಳು ಬಹಳವೆಂದು ಗುರುತುಹಾಕಿಕೊಂಡ. ರೋಗ ವಂಶದಲ್ಲಿ ಹರಿಯುತ್ತದೆ ಎಂಬ ಸುಳಿವು ಹೀಗೆ ಸಿಕ್ಕಿತು. ಬಿಸಿಲಿನ ಸುಳಿವು ಸಿಕ್ಕಿದ್ದು 1956ರಲ್ಲಿ, ಆಸ್ಟ್ರೇಲಿಯದ ಹೆನ್ರಿ ಲ್ಯಾಂಕಾಸ್ಟರ್ ಅವರಿಂದ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಬಿಳಿಯರಲ್ಲಿ ಮೆಲನೋಮದ ಸಾವು ಏರುತ್ತದೆ ಎಂದು ಅವರು ತೋರಿಸಿದರು. ರೋಗ ಎಷ್ಟು ಮುಂದುವರಿದಿದೆ ಎಂದು ತಿಳಿಯಲು 1969–70ರಲ್ಲಿ ವಾಲೇಸ್ ಕ್ಲಾರ್ಕ್ ಗೆಡ್ಡೆ ಚರ್ಮದ ಎಷ್ಟನೆಯ ಪದರಕ್ಕೆ ಇಳಿದಿದೆ ಎಂದು ಎಣಿಸಿದರು, ಅಲೆಕ್ಸಾಂಡರ್ ಬ್ರೆಸ್ಲೋ ಅದರ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದರು. ಬ್ರೆಸ್ಲೋ ಅಳತೆ ಇಂದಿಗೂ ಮೆಲನೋಮದ ಬಯಾಪ್ಸಿ ವರದಿಗಳಲ್ಲಿದೆ.

ನಾರಿಸ್ ಕಂಡ ವಂಶದ ಎಳೆಗೆ ಹೆಸರು ಸಿಕ್ಕಿದ್ದು 1994ರಲ್ಲಿ. ಮೆಲನೋಮ ಮರುಕಳಿಸುವ ಕುಟುಂಬಗಳಲ್ಲಿ ಒಂಬತ್ತನೆಯ ಕ್ರೋಮೊಸೋಮಿನ ಸಿಡಿಕೆಎನ್2ಎ ಎಂಬ ಜೀನು ಕೆಟ್ಟಿರುವುದು ಪತ್ತೆಯಾಯಿತು. ಅದು ತಯಾರಿಸುವ ಪಿ16 ಪ್ರೋಟೀನು ಕೋಶ ಇಬ್ಭಾಗವಾಗದಂತೆ ಹಿಡಿಯುವ ಬ್ರೇಕು.

ಕೋಶವನ್ನು ಬೆಳೆಯಲು ನೂಕುವ ಆಕ್ಸಿಲರೇಟರ್ ಸಿಕ್ಕಿದ್ದು 2002ರಲ್ಲಿ. ಕೇಂಬ್ರಿಜ್ ಬಳಿಯ ಸ್ಯಾಂಗರ್ ಸಂಸ್ಥೆಯಲ್ಲಿ ಮೈಕ್ ಸ್ಟ್ರಾಟನ್ ಮತ್ತು ಸಂಗಡಿಗರು ಕ್ಯಾನ್ಸರ್ ಕೋಶಗಳ ಜೀನುಗಳನ್ನು ಸಾಲುಸಾಲಾಗಿ ಓದುತ್ತಿದ್ದಾಗ, ಮೂರರಲ್ಲಿ ಎರಡು ಪಾಲು ಮೆಲನೋಮಗಳಲ್ಲಿ ಬಿ-ರಾಫ್ ಜೀನು ಕೆಟ್ಟಿರುವುದು ಕಂಡಿತು. ಹೆಚ್ಚಿನವುಗಳಲ್ಲಿ ತಪ್ಪು ಡಿಎನ್‌ಎಯ ಒಂದೇ ಅಕ್ಷರದ್ದು. ಟಿ ಇರಬೇಕಾದಲ್ಲಿ ಎ ಬಂದು, ಪ್ರೋಟೀನಿನ 600ನೆಯ ಸ್ಥಾನದ ವ್ಯಾಲೀನ್ ಗ್ಲುಟಾಮಿಕ್ ಆಮ್ಲವಾಗಿರುತ್ತದೆ. (ಮೊದಲ ಪ್ರಬಂಧಗಳಲ್ಲಿ ಇದು 599. ಜೀನಿನ ಆರಂಭದ ಮೂರು ಅಕ್ಷರಗಳು ದಾಖಲೆಯಲ್ಲಿ ಬಿಟ್ಟುಹೋಗಿದ್ದವು. ಅಷ್ಟು ದೊಡ್ಡ ಶೋಧದಲ್ಲೂ ಇಂಥ ಎಣಿಕೆಯ ತಪ್ಪು!) ಈ ಒಂದು ಬದಲಾವಣೆಯಿಂದ, ಹೊರಗಿನ ಸಂಕೇತಕ್ಕೆ ಕಾಯಬೇಕಾದ ಪ್ರೋಟೀನು ಸದಾ ಚಾಲೂ ಆಗಿ ಕೂರುತ್ತದೆ.

ವಿಚಿತ್ರವೆಂದರೆ ಈ ಬಿ-ರಾಫ್ ತಪ್ಪು ಬಿಸಿಲಿನ ಕೈಬರಹವಲ್ಲ. ನೇರಳಾತೀತ ಕಿರಣ ಡಿಎನ್‌ಎಯಲ್ಲಿ ಮಾಡುವ ಮಾಮೂಲಿ ಹಾನಿ ಸಿ ಹೋಗಿ ಟಿ ಬರುವುದು. ಮರುವರ್ಷ ಇನ್ನೊಂದು ಒಗಟು ಎದುರಾಯಿತು. ಏನೂ ತೊಂದರೆ ಕೊಡದ ಸಾಮಾನ್ಯ ಮಚ್ಚೆಗಳಲ್ಲೂ ಬಹುಪಾಲಿನಲ್ಲಿ ಅದೇ ಬಿ-ರಾಫ್ ತಪ್ಪು ಇತ್ತು! ಹಾಗಾದರೆ ಮಚ್ಚೆಗಳೆಲ್ಲ ಯಾಕೆ ಕ್ಯಾನ್ಸರ್ ಆಗುವುದಿಲ್ಲ? ನೆದರ್ಲೆಂಡ್ಸಿನ ಕ್ಯಾನ್ಸರ್ ಸಂಸ್ಥೆಯ ಡೇನಿಯಲ್ ಪೀಪರ್ ತಂಡ 2005ರಲ್ಲಿ ಉತ್ತರ ಕೊಟ್ಟಿತು. ಆಕ್ಸಿಲರೇಟರ್ ಒತ್ತಿಹಿಡಿದ ಕೋಶ ಕೆಲಕಾಲ ಹೆಚ್ಚಿಕೊಂಡು, ಆಮೇಲೆ ಮುಪ್ಪಾದಂತೆ ತಟಸ್ಥವಾಗುತ್ತದೆ. ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ದಶಕಗಟ್ಟಲೆ ಹಾಗೇ ಕೂರುವ ನಮ್ಮ ಮೈಮೇಲಿನ ಮಚ್ಚೆ, ಒಂದರ್ಥದಲ್ಲಿ, ಅರ್ಧದಾರಿಯಲ್ಲಿ ನಿಂತ ಗೆಡ್ಡೆ.

ನಿಂತದ್ದು ಮತ್ತೆ ಹೊರಡುವುದು ಹೇಗೆ? ಸ್ಯಾನ್ ಫ್ರಾನ್ಸಿಸ್ಕೊದ ಬೋರಿಸ್ ಬಾಸ್ಟಿಯನ್ ಗುಂಪು ಇದಕ್ಕೆ ಸೊಗಸಾದ ಉಪಾಯ ಹೂಡಿತು. ಒಂದೇ ಚರ್ಮದ ತುಂಡಿನಲ್ಲಿ ಅಕ್ಕಪಕ್ಕ ಇರುವ ಹಳೆಯ ಮಚ್ಚೆಯನ್ನೂ ಅದರಿಂದ ಎದ್ದ ಮೆಲನೋಮವನ್ನೂ ಬೇರೆಬೇರೆಯಾಗಿ ಕೆರೆದು, ಎರಡರ ಡಿಎನ್‌ಎ ಓದಿ ಹೋಲಿಸಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಚೆಂದದ ಕೆಲಸ. ಘಟನೆಗಳ ಸರದಿ ಅದರಲ್ಲಿ ಬಯಲಾಯಿತು. ಮೊದಲು ಬಿ-ರಾಫ್. ನಂತರ ಕೋಶದ ಆಯುಸ್ಸನ್ನು ಲಂಬಿಸುವ ಟೆಲೊಮರೇಸ್ ಜೀನಿನ ಸ್ವಿಚ್ಚಿನಲ್ಲಿ ಬದಲಾವಣೆ. ಇದು ಸಿ ಹೋಗಿ ಟಿ ಬಂದ ಬಗೆಯದು, ಬಿಸಿಲಿನ ಕೈಬರಹ ಸ್ಪಷ್ಟ. ಆಮೇಲೆ ಪಿ16 ತಯಾರಿಸುವ ಜೀನಿನ ಎರಡೂ ಪ್ರತಿಗಳು ಹೋಗುತ್ತವೆ. ಗೆಡ್ಡೆ ಒಳಪದರಕ್ಕೆ ಇಳಿಯುವುದು ಬಹುತೇಕ ಆ ಘಟ್ಟದಲ್ಲಿ. ಗೆಡ್ಡೆಯನ್ನು ತಡೆಯುವ ಪಿಟೆನ್, ಪಿ53 ಜೀನುಗಳು ಕೈಕೊಡುವುದು ಇನ್ನೂ ತಡವಾಗಿ.

ಬಿ-ರಾಫ್ ಶೋಧ ಔಷಧಕ್ಕೂ ದಾರಿಯಾಯಿತು. ಬಿ-ರಾಫ್‌ಗೆ ಅಡ್ಡಹಾಕುವ ವೆಮುರಾಫೆನಿಬ್ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮೈತುಂಬ ಹರಡಿದ ಗೆಡ್ಡೆಗಳು ವಾರಗಳಲ್ಲಿ ಕರಗಿದವು, ಆದರೆ ಎಷ್ಟೋ ಜನರಲ್ಲಿ ತಿಂಗಳುಗಳಲ್ಲೇ ಮರಳಿದವು. ಕೋಶಗಳು ಪಕ್ಕದ ದಾರಿ ಹುಡುಕಿಕೊಂಡಿದ್ದವು. ಈಗ ಅದೇ ಸಂಕೇತಗಳ ಸರಪಳಿಯ ಮುಂದಿನ ಕೊಂಡಿಯಾದ ಮೆಕ್ ಪ್ರೋಟೀನಿಗೂ ಜೊತೆಯಲ್ಲೇ ತಡೆ ಹಾಕುತ್ತಾರೆ. ಬಿಸಿಲು ಸಾವಿರಾರು ಅಕ್ಷರ ಕೆಡಿಸಿದ ಗೆಡ್ಡೆ ರೋಗನಿರೋಧಕ ವ್ಯವಸ್ಥೆಗೆ ಪರಕೀಯವಾಗಿ ಕಾಣುವುದು ಸುಲಭ. ಆ ವ್ಯವಸ್ಥೆಯನ್ನೇ ಹುರಿದುಂಬಿಸುವ ಇಮ್ಯುನೊಥೆರಪಿ ಮೆಲನೋಮದಲ್ಲಿ ಅಷ್ಟು ಫಲ ಕೊಡಲು ಅದೂ ಒಂದು ಕಾರಣ.

ಇಷ್ಟೆಲ್ಲ ತಿಳಿವಳಿಕೆ ಬಹುಪಾಲು ಬಿಳಿ ಚರ್ಮದ ಗೆಡ್ಡೆಗಳಿಂದ ಬಂದದ್ದು. ಅಂಗಾಲಿನ ಮೆಲನೋಮ ಬೇರೆಯೇ ಜಾತಿ ಎಂದು 2005ರಲ್ಲಿ ಬಾಸ್ಟಿಯನ್ ಗುಂಪೇ ಸಾರಿತ್ತು. ಅಲ್ಲಿ ಬಿ-ರಾಫ್ ತಪ್ಪು ಕಡಿಮೆ. ಅಕ್ಷರ ಕೆಡುವುದಕ್ಕಿಂತ ಹೆಚ್ಚಾಗಿ ಕ್ರೋಮೊಸೋಮಿನ ತುಂಡುಗಳೇ ಮುರಿದು, ಕೆಲವು ಜೀನುಗಳು ಹತ್ತಾರು ಪ್ರತಿಗಳಾಗಿ ಹೆಚ್ಚಿರುತ್ತವೆ. 2017ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಗೆಡ್ಡೆಗಳ ಇಡೀ ಜೀನೋಮ್ ಓದಿದಾಗ ಇದೇ ಚಿತ್ರ ಗಟ್ಟಿಯಾಯಿತು. ಗಾಯಕ ಬಾಬ್ ಮಾರ್ಲಿಯನ್ನು 1981ರಲ್ಲಿ ಕೊಂದದ್ದು ಕಾಲ್ಬೆರಳಿನಲ್ಲಿ ಹುಟ್ಟಿದ ಇಂಥದೇ ಗೆಡ್ಡೆ. ಹೊಸ ಔಷಧಗಳ ಫಲ ಈ ಬಗೆಯಲ್ಲಿ ಇಂದಿಗೂ ಕಡಿಮೆಯೇ.

ಅಂಗಾಲೇ ಯಾಕೆ ಎಂಬ ಪ್ರಶ್ನೆಗೆ ಒಂದು ಉತ್ತರ 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಿಂದ ಬಂತು, ಅದೂ ಜೀಬ್ರಾ ಮೀನಿನ ಮೂಲಕ. ರಿಚರ್ಡ್ ವೈಟ್ ತಂಡ ಅಂಗಾಲಿನ ಗೆಡ್ಡೆಗಳಲ್ಲಿ ಹೆಚ್ಚಿಕೊಂಡಿದ್ದ ಸಿಆರ್‌ಕೆಎಲ್ ಜೀನನ್ನು ಮೀನಿನ ಮೆಲನೊಸೈಟ್‌ಗಳಿಗೆ ಸೇರಿಸಿತು. ಮೈಮೇಲೆಲ್ಲ ಆ ಜೀನು ಇದ್ದರೂ ಗೆಡ್ಡೆಗಳು ಹೆಚ್ಚಾಗಿ ಎದ್ದದ್ದು ಈಜುರೆಕ್ಕೆಗಳಲ್ಲಿ. ಭ್ರೂಣದಲ್ಲಿ ನಮ್ಮ ಕೈಕಾಲಿನ ತುದಿ ಎಲ್ಲಿ ಎಂದು ಗುರುತು ಹಾಕುವ ಹಾಕ್ಸ್13 ಜೀನುಗಳೇ ಮೀನಿಗೆ ರೆಕ್ಕೆ ಎಲ್ಲಿ ಎಂದು ಹೇಳುತ್ತವೆ. ಆ ಗುರುತು ಬೆಳೆದ ಮೇಲೂ ಅಳಿಯುವುದಿಲ್ಲ. ಅದಿರುವ ಕಡೆ ಇನ್ಸುಲಿನ್ ಬಗೆಯ ಬೆಳವಣಿಗೆಯ ಸಂಕೇತ ಮೊದಲೇ ತುಸು ಜೋರಾಗಿರುತ್ತದೆ. ಸಿಆರ್‌ಕೆಎಲ್ ಹೆಚ್ಚಾದಾಗ ಅದೇ ಸಂಕೇತ ಕೋಶವನ್ನು ಕ್ಯಾನ್ಸರಿನತ್ತ ನೂಕುತ್ತದೆ.