ಕರಾರು ಮುಗಿದ ಮೇಲೆ ನೋಟಿಸು ಬರುತ್ತದೆಯೇ?

ಮುಂಬಯಿ, ಪುಣೆಗಳಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮವರ ಬಾಯಲ್ಲಿ ಒಂದು ಮಾತು ಆಗಾಗ ಕೇಳುತ್ತದೆ: "ಕರಾರು ಮುಗಿದರೇನಂತೆ, ಓನರು ನೋಟಿಸು ಕೊಡದೆ ನಮ್ಮನ್ನು ಬಿಡಿಸೋ ಹಾಗಿಲ್ಲ." ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ, ಇದರ ಬೇರು ಬ್ರಿಟಿಷರ ಕಾಲದ್ದು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ಅವಧಿ ಗೊತ್ತುಮಾಡಿದ ಬಾಡಿಗೆ ಆ ದಿನಕ್ಕೆ ತಾನಾಗಿಯೇ ಮುಗಿಯುತ್ತದೆ. ನೋಟಿಸು ಬೇಕಿಲ್ಲ. ಆದರೆ ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಎಣಿಸಿಕೊಂಡರೆ, ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಬಿಡಿಸಲು 15 ದಿನಗಳ ನೋಟಿಸು ಬೇಕು. ಹಿಂದೆ ಆ ನೋಟಿಸು ಬಾಡಿಗೆ ತಿಂಗಳ ಕೊನೆಗೇ ಸರಿಯಾಗಿ ಮುಗಿಯಬೇಕಿತ್ತು. ತಾರೀಖು ತಪ್ಪಿತೆಂದೇ ಎಷ್ಟೋ ದಾವೆಗಳು ಬಿದ್ದುಹೋದವು. ವಕೀಲರಿಗೆ ಸುಗ್ಗಿ! 2002ರ ಕೊನೆಯಲ್ಲಿ ಬಂದ ತಿದ್ದುಪಡಿಯಿಂದ, ನೋಟಿಸು ಕೈಸೇರಿದ ದಿನದಿಂದ 15 ದಿನ ಎಂದಾಯಿತು.

ಮುಂಬಯಿಯ ಕಥೆಯೇ ಬೇರೆ. ಇಲ್ಲಿ 1918ರಲ್ಲೇ ಯುದ್ಧಕಾಲದ ಬಾಡಿಗೆ ಕಾನೂನು ಬಂದಿತ್ತು. 1947ರ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಅವಧಿ ಮುಗಿದರೂ, ಕಾಯ್ದೆ ಹೇಳಿದ ಕಾರಣವಿಲ್ಲದೆ ಬಾಡಿಗೆದಾರರನ್ನು ಎಬ್ಬಿಸುವಂತಿರಲಿಲ್ಲ. ಮಾಲೀಕರು ಸುಮ್ಮನಿದ್ದಾರೆಯೇ? 'ಬಾಡಿಗೆ' ಎಂಬ ಪದವನ್ನೇ ಬಿಟ್ಟು 'ಲೀವ್ ಅಂಡ್ ಲೈಸೆನ್ಸ್' ಎಂದು ಬರೆಸಿದರು. ಸರ್ಕಾರವೂ ಬಿಡಲಿಲ್ಲ, 1973ರ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸೆನ್ಸಿನ ಮೇಲೆ ವಾಸವಿದ್ದವರನ್ನೂ ಬಾಡಿಗೆದಾರರೆಂದೇ ಪರಿಗಣಿಸಿತು. ಅಂದು ಒಳಗಿದ್ದವರು ಪುಣ್ಯವಂತರು. ಆಮೇಲೆ ಬಂದವರಿಗೆ ಆ ಆಸರೆ ಸಿಗಲಿಲ್ಲ.

ಮಹಾರಾಷ್ಟ್ರದ ಈಗಿನ ಬಾಡಿಗೆ ನಿಯಂತ್ರಣ ಕಾಯ್ದೆ 1999ರದು, ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು. ಅದರ 24ನೇ ಕಲಮು ಖಡಾಖಂಡಿತ: ವಾಸಕ್ಕೆ ಪಡೆದ ಲೈಸೆನ್ಸಿನ ಅವಧಿ ಮುಗಿದ ಕೂಡಲೇ ಮನೆ ಬಿಟ್ಟುಕೊಡಬೇಕು. ಮಾಲೀಕರು ನೋಟಿಸು ಕೊಡಬೇಕೆಂಬ ಮಾತು ಅದರಲ್ಲಿಲ್ಲ. ಬಿಡದಿದ್ದರೆ ಅವರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಉಳಿದುಕೊಂಡ ದಿನಗಳಿಗೆ ದುಪ್ಪಟ್ಟು ದರ ತೆರಬೇಕಾಗುತ್ತದೆ. ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಎರಡು ತಿಂಗಳು ಕೂತವರಿಗೆ ಡಿಪಾಸಿಟ್ಟೇ ಕರಗೀತು.

ಇನ್ನು ಆ 11 ತಿಂಗಳ ಲೆಕ್ಕ. 1908ರ ನೋಂದಣಿ ಕಾಯ್ದೆ ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು ಎಂದಿತು. ಅದನ್ನು ತಪ್ಪಿಸಲು ಹುಟ್ಟಿದ್ದು 11 ತಿಂಗಳು. ಮಹಾರಾಷ್ಟ್ರದಲ್ಲಿ ಈ ಜಾಣತನ ನಡೆಯದು. ಎಷ್ಟೇ ತಿಂಗಳಿದ್ದರೂ ಕರಾರು ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ, ಷರತ್ತುಗಳ ಬಗ್ಗೆ ತಕರಾರು ಬಂದಾಗ, ಬೇರೆ ರೀತಿ ರುಜುವಾತಾಗುವವರೆಗೆ, ಒಳಗಿರುವವರ ಮಾತೇ ನಡೆಯುತ್ತದೆ.