ಹೆಣ್ಣುಮಕ್ಕಳಿಗೆ ಲ್ಯಾಟಿನ್ ಕಲಿಸಿದವಳು

ದೆಹಲಿಗೆ ವರ್ಗವಾಗಿ ಬರುವ ನಮ್ಮ ಕನ್ನಡದ ಕುಟುಂಬಗಳು ಮಗಳಿಗೆ ಶಾಲೆ ಹುಡುಕುವಾಗ ಕೇಳುವ ಮೊದಲ ಪ್ರಶ್ನೆ, "ಸಿಸ್ಟರ್‌ಗಳ ಶಾಲೆಯಲ್ಲಿ ಸೀಟು ಸಿಗಬಹುದೇ?" ಅಂಥದೇ ಒಂದು ಶಾಲೆಯ ಹೈಸ್ಕೂಲು ತರಗತಿಗಳಿಗೆ ನಾನು ಇಪ್ಪತ್ತೆರಡು ವರ್ಷ ಚರಿತ್ರೆ ಪಾಠ ಮಾಡಿದ್ದೇನೆ. ಕಾನ್ವೆಂಟ್ ಎಂದರೆ ಶಿಸ್ತು, ಒಳ್ಳೆಯ ಇಂಗ್ಲಿಷು ಎಂದು ಹೊಗಳುವವರು ಇದ್ದಾರೆ. ಮಕ್ಕಳನ್ನು ನಮ್ಮತನದಿಂದ ದೂರ ಮಾಡುತ್ತದೆ ಎಂದು ಬಯ್ಯುವವರೂ ಇದ್ದಾರೆ. ಎರಡರಲ್ಲೂ ನಿಜವಿದೆ. ಆದರೆ ನನ್ನ ಕುತೂಹಲ ಬೇರೆ. ಹುಡುಗಿಯರನ್ನು ಕಾಲೇಜಿಗೆ ಸಿದ್ಧಗೊಳಿಸುವ ಈ ಬಗೆಯ ಕ್ಯಾಥೊಲಿಕ್ ಹೈಸ್ಕೂಲಿನ ಓದಿನ ಕ್ರಮ ಎಲ್ಲಿಂದ ಬಂತು? ಹುಡುಕುತ್ತ ಹೋದಾಗ ಸಿಕ್ಕಿದ್ದು, ಹುಡುಗರಿಗೆಂದೇ ಬರೆದಿಟ್ಟ ಒಂದು ನಿಯಮಾವಳಿ ಮತ್ತು ಅದನ್ನು ಹುಡುಗಿಯರಿಗೂ ಕೊಡಲು ಹೊರಟು ಸೆರೆ ಸೇರಿದ ಒಬ್ಬ ಹೆಣ್ಣುಮಗಳು.

ಮೊದಲು ನಿಯಮಾವಳಿಯ ಮಾತು. ಜೆಸ್ವಿಟ್ ಪಾದ್ರಿಗಳು 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಕಾಲೇಜು ತೆರೆದರು. ಮುಂದಿನ ಐವತ್ತು ವರ್ಷಗಳ ಅನುಭವವನ್ನೆಲ್ಲ ಸೇರಿಸಿ 1599ರಲ್ಲಿ 'ರೇಷಿಯೊ ಸ್ಟುಡಿಯೋರಮ್' ಎಂಬ ಅಧ್ಯಯನ ಕ್ರಮವನ್ನು ಹೊರತಂದರು. ನಮ್ಮ ಹೈಸ್ಕೂಲಿಗೆ ಸಮನಾದ ಭಾಗದಲ್ಲಿ ಐದು ತರಗತಿಗಳು: ವ್ಯಾಕರಣಕ್ಕೆ ಮೂರು, ಸಾಹಿತ್ಯಕ್ಕೆ ಒಂದು, ವಾಕ್ಪಟುತ್ವಕ್ಕೆ ಒಂದು. ಬೆಳಿಗ್ಗೆ ಎರಡೂವರೆ ಗಂಟೆ, ಮಧ್ಯಾಹ್ನ ಮತ್ತೆ ಅಷ್ಟೇ ಪಾಠ. ಮೇಷ್ಟ್ರು ಮೊದಲು ಪಠ್ಯವನ್ನು ಓದಿ, ಬಿಡಿಸಿ, ಅರ್ಥ ಹೇಳಬೇಕು. ಮರುದಿನ ಹುಡುಗರು ಅದನ್ನು ಒಪ್ಪಿಸಬೇಕು. ಹಾಗೆ ಒಪ್ಪಿಸಿಕೊಳ್ಳಲು ಹುಡುಗರಲ್ಲೇ ಗುಂಪಿಗೊಬ್ಬ ನಾಯಕ. ಶನಿವಾರ ವಾರದ ಪಾಠವೆಲ್ಲ ಮತ್ತೊಮ್ಮೆ. ತರಗತಿಯನ್ನು ರೋಮನ್ನರು, ಕಾರ್ಥೇಜಿನವರು ಎಂದು ಎರಡು ಪಾಳಯ ಮಾಡಿ ಪ್ರಶ್ನೋತ್ತರದ ಕಾಳಗ ನಡೆಸುತ್ತಿದ್ದರು. ಪ್ರತಿ ಹುಡುಗನಿಗೂ ಎದುರು ಪಾಳಯದಲ್ಲಿ ಒಬ್ಬ ಎದುರಾಳಿ. ಇವನು ತಪ್ಪಿದರೆ ಅವನು ತಿದ್ದಬೇಕು. ನಮ್ಮ ಶಾಲೆಗಳ ಹೌಸ್ ಪದ್ಧತಿ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗಳ ಕೊಡುಗೆ, ಅದನ್ನೂ ಇದನ್ನೂ ಬೆರೆಸಬಾರದು. ಆದರೆ ಕ್ವಿಜ್‌ನಲ್ಲಿ ರೆಡ್ ಹೌಸಿನ ಹುಡುಗಿ ಗ್ರೀನ್ ಹೌಸಿನವಳನ್ನು ಸೋಲಿಸಿ ಕುಣಿಯುವುದನ್ನು ಕಂಡಾಗೆಲ್ಲ ನನಗೆ ಆ ರೋಮನ್ನರು, ಕಾರ್ಥೇಜಿನವರು ನೆನಪಾಗುತ್ತಿದ್ದರು.

ಈ ನಿಯಮಾವಳಿಯಲ್ಲಿ ನನಗೆ ಬಹಳ ಇಷ್ಟವಾದ ಸಾಲೊಂದಿದೆ. ಹುಡುಗನ ಬರಹವನ್ನು ತಿದ್ದುವಾಗ ಅವನನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ ತಿದ್ದಬೇಕು ಎಂಬ ಸೂಚನೆ ಅದು. ನಾಲ್ಕು ಶತಮಾನ ಹಳೆಯ ಈ ಮಾತನ್ನು ನಮ್ಮ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಬೇಕೆಂದು ಎಷ್ಟೋ ಸಲ ಅನಿಸಿದ್ದುಂಟು.

ಇಷ್ಟೆಲ್ಲ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಅಂದಿನ ಯುರೋಪಿನ ವಿಶ್ವವಿದ್ಯಾಲಯ, ನ್ಯಾಯಾಲಯ, ವೈದ್ಯಶಾಸ್ತ್ರ, ದೇವರ ಪೂಜೆ ಎಲ್ಲಕ್ಕೂ ಲ್ಯಾಟಿನ್ನೇ ಬಾಗಿಲು. ಹುಡುಗಿಯರಿಗೆ ಓದು, ಬರಹ, ಹೊಲಿಗೆ, ಧರ್ಮಬೋಧೆ ಸಾಕು ಎಂದು ನಿರ್ಧಾರವಾಗಿದ್ದರಿಂದ ಆ ಬಾಗಿಲ ಬಳಿಗೂ ಅವರು ಹೋಗುವಂತಿರಲಿಲ್ಲ. ಸಂಸ್ಕೃತವನ್ನು ಯಾರಿಗೆ ಕಲಿಸಬೇಕು, ಯಾರಿಗೆ ಕಲಿಸಬಾರದು ಎಂಬ ನಮ್ಮ ಹಳೆಯ ಕಟ್ಟಳೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮೇರಿ ವಾರ್ಡ್ ಹುಟ್ಟಿದ್ದು 1585ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ. ಆಗ ಅಲ್ಲಿ ಕ್ಯಾಥೊಲಿಕರಾಗಿರುವುದೇ ಅಪಾಯ. 1605ರಲ್ಲಿ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾಯಿತಲ್ಲ, ಅದರಲ್ಲಿ ಅವಳ ಇಬ್ಬರು ಸೋದರಮಾವಂದಿರೂ ಇದ್ದರು. ಮರುವರ್ಷ ಅವಳು ಸಮುದ್ರ ದಾಟಿ ಸೇಂಟ್ ಓಮರ್ ಎಂಬ ಊರಿಗೆ ಬಂದಳು. ಇಂಗ್ಲಿಷ್ ಕ್ಯಾಥೊಲಿಕರು ಗಂಡುಮಕ್ಕಳನ್ನು ಗುಟ್ಟಾಗಿ ಕಳಿಸಿ ಓದಿಸುತ್ತಿದ್ದ ಜೆಸ್ವಿಟ್ ಕಾಲೇಜು ಇದ್ದದ್ದು ಅದೇ ಊರಲ್ಲಿ. ಕೆಲವು ಕಾಲ ಮಠದಲ್ಲಿದ್ದು, ಅದು ತನ್ನ ದಾರಿಯಲ್ಲವೆಂದು ಹೊರಬಂದು, ನಾಲ್ಕಾರು ಗೆಳತಿಯರನ್ನು ಕೂಡಿಸಿಕೊಂಡು ಅಲ್ಲಿಯೇ ಹುಡುಗಿಯರಿಗೆ ಶಾಲೆ ತೆರೆದಳು. ಮುಂದೆ ಲೀಜ್, ಕಲೋನ್, ರೋಮ್, ನೇಪಲ್ಸ್, ಮ್ಯೂನಿಕ್, ವಿಯೆನ್ನಾಗಳಲ್ಲೂ ಶಾಲೆಗಳಾದವು. ಹುಡುಗಿಯರು ಹೊಲಿಗೆಯ ಜೊತೆಗೆ ಲ್ಯಾಟಿನ್ ಕಲಿತರು, ನಾಟಕ ಆಡಿದರು.

ಪಾಠಕ್ರಮವಷ್ಟೇ ಆಗಿದ್ದರೆ ಗದ್ದಲ ಇಷ್ಟು ಆಗುತ್ತಿರಲಿಲ್ಲವೇನೋ. ಜೆಸ್ವಿಟರ ಸಂಘಟನೆಯ ರೀತಿಯನ್ನೇ ತನ್ನ ಹೆಂಗಸರಿಗೂ ಕೊಡಿ ಎಂದು ಅವಳು ಕೇಳಿದಳು. ಮಠದ ಗೋಡೆಯೊಳಗೆ ಕೂರುವುದಿಲ್ಲ, ಬಿಷಪ್ಪರ ಅಧೀನ ಬೇಡ, ನಮ್ಮ ಹಿರಿಯಳು ನೇರವಾಗಿ ಪೋಪರಿಗೆ ಉತ್ತರ ಕೊಡುತ್ತಾಳೆ ಎಂದಳು. ಸನ್ಯಾಸಿನಿಯರು ಗೋಡೆಯೊಳಗೇ ಇರಬೇಕೆಂದು ಚರ್ಚು ಅರ್ಧ ಶತಮಾನದ ಹಿಂದಷ್ಟೇ ಬಿಗಿ ಮಾಡಿತ್ತು. ವಿರೋಧಿಗಳು ಇವರನ್ನು 'ಹೆಣ್ಣು ಜೆಸ್ವಿಟರು' ಎಂದು ಹಂಗಿಸಿದರು, ಊರೂರು ಓಡಾಡುವ ಹುಡುಗಿಯರೆಂದು ಹಾಸ್ಯ ಮಾಡಿದರು. ಓಡಾಡಿದ್ದಂತೂ ನಿಜ. 1621ರ ಚಳಿಗಾಲದಲ್ಲಿ ಮೇರಿ ಬ್ರಸೆಲ್ಸಿನಿಂದ ಆಲ್ಪ್ಸ್ ಪರ್ವತ ದಾಟಿ ರೋಮಿಗೆ ಕಾಲ್ನಡಿಗೆಯಲ್ಲಿ ಹೋದಳು. ಎರಡು ತಿಂಗಳ ದಾರಿ. ತಲುಪಿದ್ದು ಕ್ರಿಸ್‌ಮಸ್ ಹಿಂದಿನ ದಿನ. ಪೋಪರು ಅವಳ ಮಾತು ಕೇಳಿದರು. ಅನುಮತಿ ಮಾತ್ರ ಬರಲಿಲ್ಲ.

ಬಂದದ್ದು ನಿಷೇಧ. 1631ರ ಜನವರಿಯಲ್ಲಿ ಎಂಟನೆಯ ಅರ್ಬನ್ ಪೋಪರ ಆಜ್ಞೆ ಅವಳ ಸಂಸ್ಥೆಯನ್ನು ರದ್ದು ಮಾಡಿತು. ಫೆಬ್ರವರಿಯಲ್ಲಿ ಧರ್ಮದ್ರೋಹಿ ಎಂಬ ಆರೋಪ ಹೊರಿಸಿ ಮ್ಯೂನಿಕ್ಕಿನ ಒಂದು ಮಠದ ಕೋಣೆಯಲ್ಲಿ ಕೂಡಿಹಾಕಿದರು. ಕಾಯಿಲೆ ಬೇರೆ. ಹೊರಗಿನ ಸಂಗಾತಿಗಳಿಗೆ ಅವಳು ಪತ್ರ ಬರೆದದ್ದು ನಿಂಬೆರಸದಲ್ಲಿ, ಸಾಮಾನು ಸುತ್ತಿ ಬಂದ ಕಾಗದದ ಮೇಲೆ. ಒಣಗಿದರೆ ಏನೂ ಕಾಣದು. ಬೆಂಕಿಯ ಶಾಖಕ್ಕೆ ಹಿಡಿದರೆ ಕಂದು ಅಕ್ಷರ ಮೂಡುತ್ತದೆ. ನಾವು ಚಿಕ್ಕವರಿದ್ದಾಗ ಅಡುಗೆಮನೆಯಲ್ಲಿ ಆಡಿದ ಆಟ! ಅಂಥ ಇಪ್ಪತ್ತಕ್ಕೂ ಹೆಚ್ಚು ಪತ್ರಗಳು ಇಂದಿಗೂ ಉಳಿದಿವೆ. ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ರೋಮಿಗೆ ಹೋಗಿ ಧರ್ಮದ್ರೋಹದ ಕಳಂಕವನ್ನೂ ಕಳೆದುಕೊಂಡಳು. ಶಾಲೆಗಳು ಮಾತ್ರ ಹೆಚ್ಚಿನವು ಮುಚ್ಚಿಹೋಗಿದ್ದವು. 1645ರಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದ ನಡುವೆ, ಯಾರ್ಕ್ ಬಳಿ ತೀರಿಕೊಂಡಳು.

ಅವಳ ಸಂಗಾತಿಗಳು ಬಿಡಲಿಲ್ಲ. 1686ರಲ್ಲಿ ಯಾರ್ಕ್‌ನಲ್ಲಿ ಬಾರ್ ಕಾನ್ವೆಂಟ್ ಸ್ಥಾಪನೆಯಾಯಿತು. ಅಲ್ಲಿ ತರಬೇತಾದ ಐರಿಷ್ ಮಹಿಳೆ ತೆರೇಸಾ ಬಾಲ್ ಡಬ್ಲಿನ್ ಹತ್ತಿರದ ರಾತ್‌ಫಾರ್ನಮ್‌ನಲ್ಲಿ ಲೊರೆಟೊ ಶಾಖೆಯನ್ನು ಕಟ್ಟಿದಳು. ಅಲ್ಲಿಂದ ಹಡಗು ಹತ್ತಿದ ಸಿಸ್ಟರ್‌ಗಳು 1841ರ ಡಿಸೆಂಬರ್ ಕೊನೆಯಲ್ಲಿ ಕಲ್ಕತ್ತಕ್ಕೆ ಬಂದಿಳಿದರು. ಮರುವರ್ಷ ಲೊರೆಟೊ ಹೌಸ್ ಶುರುವಾಯಿತು. ಅದೇ ಮೂಲದ ಮ್ಯೂನಿಕ್ ಶಾಖೆಯವರು 1853ರಲ್ಲಿ ಪಟ್ನಾಕ್ಕೆ ಬಂದರು.

ಒಂದು ವಿಚಿತ್ರ ನೋಡಿ. 1749ರಲ್ಲಿ ಇನ್ನೊಬ್ಬ ಪೋಪರು ಈ ಸಿಸ್ಟರ್‌ಗಳ ಕೆಲಸಕ್ಕೆ ಅವಕಾಶ ಕೊಟ್ಟರು, ಆದರೆ ಮೇರಿ ವಾರ್ಡಳನ್ನು ಸ್ಥಾಪಕಿ ಎಂದು ಕರೆಯಕೂಡದೆಂದು ವಿಧಿಸಿದರು. ಆ ನಿರ್ಬಂಧ ತೆರವಾದದ್ದು 1909ರಲ್ಲಿ. ಅಂದರೆ ಕಲ್ಕತ್ತದಲ್ಲಿ ಸುಮಾರು ಎಪ್ಪತ್ತು ವರ್ಷ ಪಾಠ ಮಾಡಿದ ಮೇಲಷ್ಟೇ ಆ ಹೆಂಗಸರಿಗೆ ತಮ್ಮ ಮೂಲಪುರುಷಳ ಹೆಸರನ್ನು ಬಹಿರಂಗವಾಗಿ ಹೇಳುವ ಹಕ್ಕು ಸಿಕ್ಕಿತು. 'ಮೂಲಪುರುಷ'ಕ್ಕೆ ಸ್ತ್ರೀಲಿಂಗ ನಮ್ಮ ಭಾಷೆಯಲ್ಲೂ ಇಲ್ಲ ಎಂಬುದು ಬರೆಯುವಾಗ ಹೊಳೆಯಿತು.

ಈ ಕಥೆಯನ್ನು ಬರೀ ಹೊಗಳಿಕೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ಭಾರತದ ಮೊದಲ ಕಾನ್ವೆಂಟ್ ಶಾಲೆಗಳು ಹೆಚ್ಚಾಗಿ ಯುರೋಪಿಯನ್ನರ ಹುಡುಗಿಯರಿಗೆ ನಡೆದವು. ಲ್ಯಾಟಿನ್ನಿನ ಜಾಗಕ್ಕೆ ಇಂಗ್ಲಿಷು ಬಂದು ಕುಳಿತಾಗ, ನಮ್ಮ ಭಾಷೆಗಳು ಹಿಂದಿನ ಬೆಂಚಿಗೆ ಸರಿದವು. ಬಾಗಿಲು ತೆರೆಯಲೆಂದು ಕಲಿಸಿದ ಭಾಷೆಯೇ ಇನ್ನೊಬ್ಬಳಿಗೆ ಬಾಗಿಲು ಹಾಕಬಲ್ಲದು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ಲೊರೆಟೊದವರದ್ದು. ಕಲ್ಕತ್ತದ ಎಂಟಾಲಿಯ ಸೇಂಟ್ ಮೇರೀಸ್ ಬಂಗಾಳಿ ಮಾಧ್ಯಮದ ಶಾಲೆ. 1929ರಲ್ಲಿ ಭಾರತಕ್ಕೆ ಬಂದ ಒಬ್ಬ ಯುವ ಸಿಸ್ಟರ್ ಅಲ್ಲಿ ವರ್ಷಗಟ್ಟಲೆ ಪಾಠ ಹೇಳಿ 1944ರಲ್ಲಿ ಮುಖ್ಯೋಪಾಧ್ಯಾಯಿನಿಯಾದರು. ಮುಂದೆ ಅವರನ್ನು ಜಗತ್ತು ಮದರ್ ತೆರೇಸಾ ಎಂದು ಕರೆಯಿತು.

ನಮ್ಮ ಕರಾವಳಿಗೆ ಬಂದವರು ಬೇರೆ ಪಂಗಡದವರು. ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದು ಸೇಂಟ್ ಆ್ಯನ್ಸ್‌ನಲ್ಲಿ ಹುಡುಗಿಯರಿಗೆ ಪಾಠ ಶುರುಮಾಡಿದರು. ಹೈಸ್ಕೂಲು ಮುಗಿಸಿದ ಹುಡುಗಿ ಎಲ್ಲಿಗೆ ಹೋಗಬೇಕು? ಊರಲ್ಲಿ ಹುಡುಗರಿಗೆ ಜೆಸ್ವಿಟರ ಸೇಂಟ್ ಅಲೋಶಿಯಸ್ 1880ರಿಂದಲೇ ಇತ್ತು. ಹುಡುಗಿಯರಿಗೆಂದೇ ಒಂದು ಕಾಲೇಜು, ಸೇಂಟ್ ಆ್ಯಗ್ನೆಸ್, ಅದೇ ಸಿಸ್ಟರ್‌ಗಳ ಕೈಯಿಂದ ತೆರೆಯುವ ಹೊತ್ತಿಗೆ 1921 ಆಗಿತ್ತು.